ಉಪಾಯದೊಳಗಿನ ಅಪಾಯ: ಅಣ್ವಸ್ತ್ರ ಪರೀಕ್ಷೆಯ ನೆಲಗಳನ್ನು ಕುರಿತು

ಕಳೆದ ವರ್ಷ ಹತ್ತನೆಯ ತರಗತಿಯಲ್ಲಿ ಪಾಠದ ನಡುವೆ ಅಣುಬಾಂಬಿನ ಮಾತು ಬಂದಿತು. ಹಿಂದಿನ ಸಾಲಿನ ಬಾಲಕನೊಬ್ಬನು ಎದ್ದು ನಿಂತು, "ಗುರುಗಳೇ, ಬಾಂಬು ಸಿಡಿಸಿ ನೋಡಿದ ಜಾಗದ ಮಣ್ಣನ್ನು ಕೆತ್ತಿ ಹೊರಗೆ ಹಾಕಿಬಿಟ್ಟರೆ ಜನ ಮತ್ತೆ ಅಲ್ಲಿ ಇರಬಹುದಲ್ಲವೇ?" ಎಂದು ಕೇಳಿದನು. ನಾನು ಭಾಷೆಯ ಅಧ್ಯಾಪಕ. ಶಬ್ದಮಣಿದರ್ಪಣದ ಸೂತ್ರವನ್ನು ಕೇಳಿದ್ದರೆ ನಿಂತ ನಿಲುವಿನಲ್ಲಿಯೇ ಉತ್ತರಿಸುತ್ತಿದ್ದೆ. ಇದಕ್ಕೆ ಮಾತ್ರ "ತಿಳಿದು ಹೇಳುತ್ತೇನೆ" ಎನ್ನಬೇಕಾಯಿತು. ವಿಜ್ಞಾನದ ಅಧ್ಯಾಪಕಮಿತ್ರರನ್ನು ವಿಚಾರಿಸಿ, ಗ್ರಂಥಗಳನ್ನೂ ವರದಿಗಳನ್ನೂ ಓದಿಕೊಂಡ ಮೇಲೆ, ಬಾಲಕನ ಪ್ರಶ್ನೆ ಸಣ್ಣದಲ್ಲವೆಂದು ಮನವರಿಕೆಯಾಯಿತು. ಮಹಾರಾಷ್ಟ್ರಗಳ ಪಂಡಿತರು ದಶಕಗಳ ಕಾಲ ತರ್ಕಿಸಿದ ಪ್ರಶ್ನೆಯೇ ಅದು. ತಿಳಿದುಕೊಂಡಷ್ಟನ್ನು ಇಲ್ಲಿ ವಾಚಕರ ಮುಂದಿರಿಸುತ್ತೇನೆ.

ಪಂಚತಂತ್ರದಲ್ಲಿ ಒಂದು ಕಥೆಯುಂಟು. ಮರದ ಮೇಲಿನ ಕೊಕ್ಕರೆಯ ಮರಿಗಳನ್ನು ಅದೇ ಮರದ ಪೊಟರೆಯ ಹಾವು ತಿನ್ನುತ್ತಿದ್ದಿತು. ಕೊಕ್ಕರೆಯು ಮುಂಗುಸಿಯ ಬಿಲದಿಂದ ಹಾವಿನ ಹುತ್ತದವರೆಗೆ ಮೀನಿನ ತುಣುಕುಗಳನ್ನು ಚೆಲ್ಲಿತು. ಮುಂಗುಸಿ ಬಂದಿತು, ಹಾವನ್ನು ಕೊಂದಿತು, ಬಳಿಕ ಅಲ್ಲಿಗೇ ನಿಲ್ಲದೆ ಉಳಿದ ಮರಿಗಳನ್ನೂ ತಿಂದಿತು. ಉಪಾಯವನ್ನು ಯೋಚಿಸುವವನು ಆ ಉಪಾಯದಿಂದ ಬರುವ ಅಪಾಯವನ್ನೂ ಯೋಚಿಸಬೇಕೆಂಬುದು ಕಥೆಯ ತಾತ್ಪರ್ಯ. ಅಣ್ವಸ್ತ್ರಗಳನ್ನು ಪರೀಕ್ಷಿಸಿದ ನೆಲಗಳ ಶುದ್ಧೀಕರಣದ ಚರಿತ್ರೆಯನ್ನು ಓದುವಾಗ ಈ ಕಥೆ ಮತ್ತೆ ಮತ್ತೆ ನೆನಪಾಗುತ್ತದೆ.

ವಿಷದ ಅಳತೆ

ಅಣುಸ್ಫೋಟದ ಬಳಿಕ ನೆಲದಲ್ಲಿ ಉಳಿಯುವ ವಿಷಗಳು ಹಲವು. ಅವುಗಳಲ್ಲಿ ಎರಡನ್ನು ಮುಖ್ಯವಾಗಿ ತಿಳಿಯಬೇಕು. ಒಂದು ಸೀಸಿಯಂ-137. ಇದರ ಅರ್ಧಾಯುಷ್ಯ ಸುಮಾರು 30 ವರ್ಷ; ಎಂದರೆ ಇಂದು ಇರುವುದರಲ್ಲಿ ಅರ್ಧವು 30 ವರ್ಷಗಳಲ್ಲಿಯೂ, ಉಳಿದುದರ ಅರ್ಧವು ಮುಂದಿನ 30 ವರ್ಷಗಳಲ್ಲಿಯೂ ಕ್ಷಯಿಸುತ್ತದೆ. ಇದು ಗಿಡಮರಗಳ ಬೇರಿನ ಮೂಲಕ ಏರಿ ಆಹಾರವಾಗಿ ಮನುಷ್ಯನ ಮೈಯನ್ನು ಸೇರುತ್ತದೆ. ಎರಡನೆಯದು ಪ್ಲುಟೋನಿಯಂ-239. ಇದರ ಅರ್ಧಾಯುಷ್ಯ ಸುಮಾರು 24,000 ವರ್ಷ. ಬೇರಿನಿಂದ ಇದು ಅಷ್ಟಾಗಿ ಏರುವುದಿಲ್ಲ. ಆದರೆ ಧೂಳಿನೊಡನೆ ಉಸಿರಿನಲ್ಲಿ ಒಳಹೊಕ್ಕು ಶ್ವಾಸಕೋಶದಲ್ಲಿ ನೆಲೆನಿಂತರೆ ಬಹುಕಾಲ ಪೀಡಿಸುತ್ತದೆ. ಒಂದು ಊಟದ ದಾರಿಯಿಂದ ಬರುವ ವೈರಿ, ಇನ್ನೊಂದು ಉಸಿರಿನ ದಾರಿಯಿಂದ ಬರುವ ವೈರಿ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುತ್ತದೆ.

ಮೈಗೆ ತಾಗಿದ ವಿಕಿರಣವನ್ನು ಅಳೆಯುವ ಮಾನಕ್ಕೆ ಸೀವರ್ಟ್ ಎಂದು ಹೆಸರು. ಅದರ ಸಾವಿರದಲ್ಲೊಂದು ಪಾಲು ಮಿಲಿಸೀವರ್ಟ್. ಬಾಂಬಿನ ಸುದ್ದಿಯೇ ಇಲ್ಲದ ಕಡೆಯೂ ಕಲ್ಲುಮಣ್ಣುಗಳಿಂದ, ಆಕಾಶದಿಂದ, ಅನ್ನಾಹಾರಗಳಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಾಗುತ್ತಲೇ ಇರುತ್ತದೆ. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗವು ಹಾಕಿಕೊಟ್ಟ ಲೆಕ್ಕದಂತೆ, ಒಬ್ಬೊಬ್ಬರಿಗೂ ಒಂದು ಸೀವರ್ಟಿನಷ್ಟು ಹೆಚ್ಚಾಗಿ ತಾಗಿದ ನೂರು ಜನರಲ್ಲಿ ಸುಮಾರು ಐವರು ಅದರ ಕಾರಣದಿಂದ ಕ್ಯಾನ್ಸರಿಗೆ ಬಲಿಯಾಗಬಹುದು. ತಾಗಿದ್ದು ಕಡಿಮೆಯಾದಷ್ಟೂ ಗಂಡಾಂತರವೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆಂದು ಭಾವಿಸಲಾಗಿದೆ. ಅತ್ಯಲ್ಪ ಪ್ರಮಾಣದ ಪರಿಣಾಮವನ್ನು ಕಣ್ಣಾರೆ ಕಂಡು ಎಣಿಸಿದ ಲೆಕ್ಕ ಇದಲ್ಲ; ಎಚ್ಚರಿಕೆಗಾಗಿ ಒಪ್ಪಿಕೊಂಡ ಲೆಕ್ಕ. ಆದರೂ ತೂಗಿ ನೋಡುವುದಕ್ಕೆ ಒಂದು ತಕ್ಕಡಿ ಬೇಕಷ್ಟೆ. ಇದೇ ಆ ತಕ್ಕಡಿ.

ಬಿಕಿನಿಯ ಪಾಠ

ಶಾಂತಸಾಗರದ ನಡುವೆ ಮಾರ್ಷಲ್ ದ್ವೀಪಗಳಿವೆ. ಹವಳದ ದಿಬ್ಬಗಳು ಬಳೆಯಂತೆ ಸುತ್ತುವರಿದು, ನಡುವೆ ಸರೋವರದಂತಹ ಶಾಂತವಾದ ಒಳಗಡಲನ್ನು ಹಿಡಿದಿಟ್ಟುಕೊಂಡಿರುವ ದ್ವೀಪವರ್ತುಲಗಳು ಅವು. ಬಿಕಿನಿ ಅವುಗಳಲ್ಲೊಂದು. 1946ರಲ್ಲಿ ಅಮೆರಿಕದ ನೌಕಾಧಿಕಾರಿಯೊಬ್ಬನು ಬಂದು, ಮನುಕುಲದ ಹಿತಕ್ಕಾಗಿ ಈ ನೆಲವನ್ನು ಸ್ವಲ್ಪಕಾಲ ಬಿಟ್ಟುಕೊಡಬೇಕೆಂದು ಅಲ್ಲಿಯ ಜನರನ್ನು ಕೇಳಿದನು. 167 ಮಂದಿ ಮನೆಮಾರು ಬಿಟ್ಟು ಹೊರಟರು. 1946ರಿಂದ 1958ರವರೆಗೆ ಮಾರ್ಷಲ್ ದ್ವೀಪಗಳಲ್ಲಿ 67 ಅಣ್ವಸ್ತ್ರಗಳು ಸಿಡಿದವು, ಬಿಕಿನಿಯೊಂದರಲ್ಲಿಯೇ 23. ಅವುಗಳಲ್ಲಿ 1954ರ ಮಾರ್ಚ್ 1ರಂದು ಸಿಡಿದ "ಬ್ರಾವೊ" ಹಿರೋಷಿಮಾದ ಬಾಂಬಿಗಿಂತ ಸುಮಾರು ಸಾವಿರ ಪಟ್ಟು ಬಲವುಳ್ಳದ್ದು.

1968ರಲ್ಲಿ ಅಧ್ಯಕ್ಷ ಜಾನ್ಸನ್ ಅವರು ಬಿಕಿನಿಯ ಜನ ಮರಳಿ ಹೋಗಬಹುದೆಂದು ಸಾರಿದರು. ಅವಶೇಷಗಳನ್ನು ತೆಗೆದರು, ಹೊಸ ಮನೆಗಳನ್ನು ಕಟ್ಟಿದರು, ತೆಂಗಿನ ಸಸಿಗಳನ್ನು ನೆಟ್ಟರು. ಕೆಲವು ಕುಟುಂಬಗಳು 1970ರ ದಶಕದಲ್ಲಿ ಹಿಂದಿರುಗಿದವು. ನೆಲದ ಮೇಲೆ ನಡೆದಾಡುವವನಿಗೆ ಎಷ್ಟು ವಿಕಿರಣ ತಾಗೀತೆಂಬುದನ್ನು ವಿಜ್ಞಾನಿಗಳು ಅಳೆದಿದ್ದರು. ಆ ನೆಲದಲ್ಲಿ ಬೆಳೆದುದನ್ನೇ ದಿನದಿನವೂ ಉಣ್ಣುವವನ ಲೆಕ್ಕ ಮಾತ್ರ ಸರಿಯಾಗಿ ಕೂಡಿಬರಲಿಲ್ಲ. ಗಿಡಗಳು ಫಲಕ್ಕೆ ಬಂದವು. ಜನರು ತೆಂಗಿನಕಾಯಿ ತಿಂದರು, ಎಳನೀರು ಕುಡಿದರು, ದೀವಿಹಲಸನ್ನೂ ಕೇದಗೆಯ ಜಾತಿಯ ಹಣ್ಣನ್ನೂ ತಿಂದರು. ಅವರ ಶರೀರಗಳಲ್ಲಿ ಸೀಸಿಯಂ ಏರುತ್ತ ಹೋಯಿತು. 1978ರಲ್ಲಿ ಸುಮಾರು 139 ಮಂದಿಯನ್ನು ಮತ್ತೆ ಹಡಗು ಹತ್ತಿಸಬೇಕಾಯಿತು. ಇಂದಿಗೂ ಅಲ್ಲಿ ಊರು ನೆಲೆಗೊಂಡಿಲ್ಲ.

ಇದರಲ್ಲಿ ಒಂದು ವಿಚಾರವಿದೆ. ಬಿಕಿನಿಯಲ್ಲಿ ಕೆಲವು ದಿನ ಇದ್ದು, ಹಡಗಿನ ಅಡುಗೆಯನ್ನುಂಡು ಬರುವ ಪ್ರವಾಸಿಗೆ ಹೇಳಿಕೊಳ್ಳುವಂತಹ ಹಾನಿಯಿಲ್ಲ. ಅದೇ ನೆಲ, ಅದೇ ಸೀಸಿಯಂ. ಆದರೆ ಅಲ್ಲಿಯ ಬೆಳೆಯನ್ನೇ ನಂಬಿ ಬದುಕುವವನಿಗೆ ವರ್ಷಕ್ಕೆ ಸುಮಾರು 15 ಮಿಲಿಸೀವರ್ಟ್ ತಾಗೀತೆಂದು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ತಜ್ಞರು 1998ರ ವರದಿಯಲ್ಲಿ ಹೇಳಿ, ಇದ್ದ ಸ್ಥಿತಿಯಲ್ಲಿ ಅಲ್ಲಿ ಶಾಶ್ವತವಾಗಿ ನೆಲಸುವುದು ಸಲ್ಲದೆಂದು ತೀರ್ಮಾನಿಸಿದರು. ಆದುದರಿಂದ ಗಂಡಾಂತರವೆಂಬುದು ಮಣ್ಣಿನಲ್ಲಿ ಮಾತ್ರವೇ ಇರುವ ವಸ್ತುವಲ್ಲ; ಮಣ್ಣಿಗೂ ಮನುಷ್ಯನ ಬಾಳುವೆಗೂ ನಡುವಣ ಸಂಬಂಧದಲ್ಲಿ ಅದು ಇದೆ. ಬಾಳುವೆಯನ್ನು ಅರಿಯದೆ ಮಣ್ಣನ್ನಷ್ಟೇ ತೂಗಿದವನ ತೂಕ ತಪ್ಪುತ್ತದೆ.

ಮಣ್ಣು ತೆಗೆಯುವುದೋ, ಗೊಬ್ಬರ ಹಾಕುವುದೋ

ಈಗ ಬಾಲಕನ ಪ್ರಶ್ನೆಗೆ ಬರೋಣ. ಮಣ್ಣನ್ನು ಕೆತ್ತಿ ಹಾಕಬಾರದೇಕೆ? ಹಾಕಬಹುದು, ಸೀಸಿಯಂ ಬಹುಮಟ್ಟಿಗೆ ಮೇಲ್ಪದರದಲ್ಲಿಯೇ ಇರುವುದರಿಂದ ಅದು ಹೋದೀತು. ಆದರೆ ಹವಳದ ದ್ವೀಪದಲ್ಲಿ ಕೆಳಗೆ ಇರುವುದು ಬರಿಯ ಸುಣ್ಣದ ಮರಳು. ಎಲೆ ಕೊಳೆತು, ಹಕ್ಕಿಯ ಹಿಕ್ಕೆ ಸೇರಿ, ತಲೆಮಾರುಗಳ ಕಾಲದಲ್ಲಿ ಕೂಡಿಬಂದ ಕಪ್ಪು ಮಣ್ಣು ಮೇಲಿನ ಕೆಲವೇ ಅಂಗುಲ. ಅದನ್ನು ಕೆತ್ತಿದರೆ ವಿಷದೊಡನೆ ಫಲವತ್ತೂ ಹೋಗುತ್ತದೆ, ಮರಗಳನ್ನೆಲ್ಲ ಕಡಿಯಬೇಕಾಗುತ್ತದೆ, ನೆರಳಿಲ್ಲದ, ಬೆಳೆಯಿಲ್ಲದ ಮರಳುದಿಣ್ಣೆ ಉಳಿಯುತ್ತದೆ. ನೆಗಡಿ ಬಂದಿತೆಂದು ಮೂಗನ್ನೇ ಕೊಯ್ದುಕೊಂಡಂತೆ ಆದೀತು. ಕೆತ್ತಿದ ಮಣ್ಣನ್ನು ಎಲ್ಲಿ ಹಾಕುವುದೆಂಬ ಪ್ರಶ್ನೆ ಬೇರೆ.

ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ವಿಜ್ಞಾನಿಗಳು ಇನ್ನೊಂದು ಉಪಾಯವನ್ನು ಕಂಡರು. ಸೀಸಿಯಂ ಮತ್ತು ಪೊಟ್ಯಾಸಿಯಂ ರಸಾಯನಶಾಸ್ತ್ರದ ದೃಷ್ಟಿಯಿಂದ ದಾಯಾದಿಗಳು. ಹವಳದ ಮಣ್ಣಿನಲ್ಲಿ ಪೊಟ್ಯಾಸಿಯಂ ಬಹಳ ಕಡಿಮೆ. ಅದಕ್ಕಾಗಿ ಹಸಿದ ತೆಂಗಿನ ಬೇರು, ಅದು ದೊರೆಯದೆ, ಅದರ ದಾಯಾದಿಯಾದ ಸೀಸಿಯಮನ್ನು ಹೀರುತ್ತದೆ. ನಮ್ಮ ತೆಂಗಿನ ತೋಟದವರೆಲ್ಲ ಬಲ್ಲ ಪೊಟ್ಯಾಷ್ ಗೊಬ್ಬರವನ್ನು ಧಾರಾಳವಾಗಿ ಹಾಕಿದಾಗ ಬೇರಿನ ಹಸಿವು ಹಿಂಗಿ, ಕಾಯಿಯೊಳಗಣ ಸೀಸಿಯಂ ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿಯಿತು. ಮಣ್ಣೂ ಉಳಿಯಿತು, ಮರವೂ ಉಳಿಯಿತು. ವೆಚ್ಚವೂ ಮಣ್ಣು ಸಾಗಿಸುವುದಕ್ಕಿಂತ ಎಷ್ಟೋ ಕಡಿಮೆ. 1998ರ ತಜ್ಞರು ಇದನ್ನೇ ಮೇಲಾದ ಮಾರ್ಗವೆಂದು ಸೂಚಿಸಿದರು.

ಹಾಗಾದರೆ ಸಮಸ್ಯೆ ತೀರಿತೇ? ಇಲ್ಲ. ಗೊಬ್ಬರ ಹಾಕಿದ ಮಾತ್ರಕ್ಕೆ ಸೀಸಿಯಂ ನೆಲ ಬಿಟ್ಟು ಹೋಗುವುದಿಲ್ಲ. ಕೆಲವು ವರ್ಷಗಳಿಗೊಮ್ಮೆ ಗೊಬ್ಬರವನ್ನು ಹಾಕುತ್ತಲೇ ಇರಬೇಕು. ಅದನ್ನು ತರುವ ಹಡಗು ಬರುತ್ತಲೇ ಇರಬೇಕು. ಹಣ ಕೊಡುವ ಸರಕಾರ ಕೊಡುತ್ತಲೇ ಇರಬೇಕು. ಒಮ್ಮೆ ನಂಬಿ ಕೆಟ್ಟ ಜನರಿಗೆ ಇಷ್ಟು ದೀರ್ಘವಾದ ನಂಬಿಕೆ ಎಲ್ಲಿಂದ ಬರಬೇಕು? ನೆರೆಯ ರೊಂಗೆಲಾಪ್ ದ್ವೀಪದವರ ಮೇಲೆ ಬ್ರಾವೊ ಸ್ಫೋಟದ ಬೂದಿ ಸುರಿದಿತ್ತು. ನೆಲ ಸುರಕ್ಷಿತವೆಂದು ಹೇಳಿ 1957ರಲ್ಲಿ ಅವರನ್ನು ಮರಳಿ ಕಳುಹಿದರು. 1985ರಲ್ಲಿ ಅವರು ತಾವಾಗಿಯೇ ಊರು ತೊರೆದರು. ಮುಂದೆ ಅಲ್ಲಿ ಎರಡು ಉಪಾಯಗಳನ್ನೂ ಕೂಡಿಸಿದರು. ಮಕ್ಕಳು ಆಡುವ, ಮನೆಗಳಿರುವ ಜಾಗದ ಮೇಲ್ಮಣ್ಣನ್ನು ತೆಗೆದು ಹವಳದ ಜಲ್ಲಿ ಹರಡಿದರು. ತೋಟಗಳಿಗೆ ಪೊಟ್ಯಾಷ್ ಹಾಕಿದರು. ಮನೆಯಂಗಳಕ್ಕೆ ಒಂದು ನ್ಯಾಯ, ತೋಟಕ್ಕೆ ಇನ್ನೊಂದು ನ್ಯಾಯ. ನನ್ನ ಅಲ್ಪಮತಿಗೆ ಇದು ವಿವೇಕದ ದಾರಿಯಾಗಿ ತೋರುತ್ತದೆ.

ಶುದ್ಧಿ ಮಾಡಿದವರ ಪಾಡು

ಸುರಕ್ಷತೆಗೆ ತೆರಬೇಕಾದ ಬೆಲೆಯೆಂದರೆ ಹಣವೆಂದೇ ಎಣಿಸುವುದು ವಾಡಿಕೆ. ಎನೆವೆಟಾಕ್ ದ್ವೀಪವರ್ತುಲದ ವೃತ್ತಾಂತ ಬೇರೊಂದು ಬೆಲೆಯನ್ನು ತೋರಿಸುತ್ತದೆ. 1977ರಿಂದ 1980ರವರೆಗೆ ಸುಮಾರು 4,000 ಅಮೆರಿಕನ್ ಸೈನಿಕರು ಅಲ್ಲಿಯ ಮಣ್ಣು ಕೆತ್ತುವ ಕೆಲಸ ಮಾಡಿದರು. 73,000 ಘನಮೀಟರಿಗೂ ಹೆಚ್ಚು ಮಣ್ಣನ್ನೂ ಅವಶೇಷಗಳನ್ನೂ ತಂದು, ರುನಿಟ್ ದ್ವೀಪದಲ್ಲಿ 1958ರ ಸ್ಫೋಟವೊಂದರಿಂದ ಆಗಿದ್ದ ಕುಳಿಯಲ್ಲಿ ತುಂಬಿ, ಮೇಲೆ ಸುಮಾರು 45 ಸೆಂಟಿಮೀಟರ್ ದಪ್ಪದ ಕಾಂಕ್ರೀಟಿನ ಗುಮ್ಮಟವನ್ನು ಮುಚ್ಚಿದರು. ಆ ಮೂರು ವರ್ಷಗಳ ಕೆಲಸದಲ್ಲಿ ಆರು ಮಂದಿ ಸತ್ತರು. ಮಣ್ಣು ಕೆತ್ತಿದ ಸೈನಿಕರಲ್ಲಿ ಎಷ್ಟೋ ಮಂದಿ ಮುಂದೆ ತಮ್ಮ ವ್ಯಾಧಿಗಳಿಗೆ ಆ ಧೂಳೇ ಕಾರಣವೆಂದು ಹೇಳಿ ಚಿಕಿತ್ಸೆಗಾಗಿ ಮೊರೆಯಿಟ್ಟರು. ಅವರನ್ನು ವಿಕಿರಣಕ್ಕೆ ಒಳಗಾದವರ ಪಟ್ಟಿಗೆ ಸೇರಿಸುವ ಕಾಯಿದೆ ಬಂದದ್ದು 2022ರಲ್ಲಿ. ನಾಳೆ ನೆಲಸುವವನ ಕ್ಷೇಮಕ್ಕಾಗಿ ಇಂದು ಮಣ್ಣು ಹೊರುವವನ ಶ್ವಾಸವನ್ನು ಒತ್ತೆಯಿಟ್ಟರೆ, ಆ ಒತ್ತೆಯನ್ನೂ ತಕ್ಕಡಿಯಲ್ಲಿ ಇಡಲೇಬೇಕು.

ಆ ಗುಮ್ಮಟದ ಕುಳಿಗೆ ತಳದಲ್ಲಿ ಕಾಂಕ್ರೀಟಿನ ಹಾಸಿಲ್ಲ. ಕಡಲಿನ ನೀರು ಹವಳದ ಸಂದುಗಳಿಂದ ಒಳಗೆ ಬಂದುಹೋಗುತ್ತದೆ. ಒಳಗಡಲಿನ ತಳದಲ್ಲಿ ಕುಳಿತಿರುವ ಪ್ಲುಟೋನಿಯಮಿಗೆ ಹೋಲಿಸಿದರೆ ಗುಮ್ಮಟದೊಳಗೆ ಇರುವುದು ಅತ್ಯಲ್ಪ, ಆದುದರಿಂದ ಸೋರಿದರೂ ಹೆಚ್ಚಿನ ಅಂತರವಾಗದೆಂದು ಅಮೆರಿಕದ ಅಧಿಕಾರಿಗಳು ಹೇಳುತ್ತಾರೆ. ಲೆಕ್ಕವಾಗಿ ಈ ಮಾತು ನಿಜವಿರಬಹುದು. ಆದರೆ ಬಿರುಕುಬಿಟ್ಟ ಕಾಂಕ್ರೀಟನ್ನೂ ಏರುತ್ತಿರುವ ಕಡಲನ್ನೂ ದಿನವೂ ನೋಡುವ ದ್ವೀಪದವರಿಗೆ ಅದು ಸಮಾಧಾನವಾಗುವುದೆಂತು? ಗುಮ್ಮಟಕ್ಕಿಂತ ಹೊರಗೇ ಹೆಚ್ಚು ವಿಷವಿದೆಯೆಂಬುದು ಅಭಯವಚನವೋ, ಹೊಸದೊಂದು ಭಯವೋ ಎಂಬುದನ್ನು ವಾಚಕರೇ ಯೋಚಿಸಲಿ.

ಮರಳಿಂಗದ ಕೆಂಪು ಮಣ್ಣು

ಕಡಲನ್ನು ಬಿಟ್ಟು ಮರುಭೂಮಿಗೆ ಬಂದರೆ ಅಲ್ಲಿಯ ವೈರಿ ಬೇರೆ. ಆಸ್ಟ್ರೇಲಿಯದ ದಕ್ಷಿಣದ ಒಣನಾಡಾದ ಮರಳಿಂಗದಲ್ಲಿ ಬ್ರಿಟಿಷರು 1956 ಮತ್ತು 1957ರಲ್ಲಿ ಏಳು ಅಣುಬಾಂಬುಗಳನ್ನು ಸಿಡಿಸಿದರು. ಆದರೆ ನೆಲವನ್ನು ಹೆಚ್ಚು ಕೆಡಿಸಿದವು ಈ ದೊಡ್ಡ ಸ್ಫೋಟಗಳಲ್ಲ. 1960ರಿಂದ 1963ರವರೆಗೆ ನಡೆದ, "ಕಿರಿಯ ಪರೀಕ್ಷೆ"ಗಳೆಂದು ಕರೆಯಲಾದ ಪ್ರಯೋಗಗಳು. ಅವುಗಳಲ್ಲಿ ಸುಮಾರು 22 ಕಿಲೋಗ್ರಾಂ ಪ್ಲುಟೋನಿಯಂ ಬಯಲಿನಲ್ಲಿ ಚೂರಾಗಿ ಚೆದರಿತು. 1967ರಲ್ಲಿ ಬ್ರಿಟಿಷರು ಹೊರಡುವ ಮೊದಲು ಶುದ್ಧಿಯ ಹೆಸರಿನಲ್ಲಿ ನೆಲವನ್ನು ಉತ್ತು, ವಿಷವನ್ನು ಮಣ್ಣಿನಲ್ಲಿ ಬೆರೆಸಿದರು. ಮೇಲಿದ್ದುದನ್ನು ಆಯ್ದು ತೆಗೆಯುವುದು ಇದರಿಂದ ಮುಂದಿನವರಿಗೆ ಇನ್ನಷ್ಟು ಕಷ್ಟವಾಯಿತು. ಅಗ್ಗದ ಶುದ್ಧಿ ಎರಡನೆಯ ಸಲ ದುಬಾರಿಯಾಗುತ್ತದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ. 1984ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಅಳೆದು ನೋಡಿದಾಗ, ಹೂಳಲಾಗಿದೆಯೆಂದು ನಂಬಿದ್ದ ವಿಷವು ಬಹಳಷ್ಟು ನೆಲದ ಮೇಲೆಯೇ ಇದ್ದಿತು.

ಆ ನೆಲದ ಮೂಲನಿವಾಸಿಗಳು ಮರಳಿಂಗ ಜಾರುಚಾ ಜನ. ಬಯಲಿನಲ್ಲಿ ಮಲಗುವುದು, ನೆಲದ ಮೇಲೆ ಒಲೆಯ ಸುತ್ತ ಕುಳಿತುಣ್ಣುವುದು, ಬೇಟೆಯಾಡುವುದು ಅವರ ಬಾಳುವೆ. ಮಕ್ಕಳು ಕೆಂಪು ಧೂಳಿನಲ್ಲಿ ಆಡುತ್ತಲೇ ಬೆಳೆಯುತ್ತಾರೆ. ಉಸಿರಿನ ದಾರಿಯ ವೈರಿಗೆ ಇದಕ್ಕಿಂತ ತೆರೆದ ಬಾಗಿಲು ಇನ್ನುಂಟೆ? ಈ ಸಲ ತಜ್ಞರು ಅವರ ಬಾಳುವೆಯನ್ನು ಅಭ್ಯಸಿಸಿ, ಹಾಗೆ ಬದುಕುವವನಿಗೆ ವರ್ಷಕ್ಕೆ 5 ಮಿಲಿಸೀವರ್ಟ್ ಮೀರಬಾರದೆಂಬ ಅಳತೆಯನ್ನಿಟ್ಟುಕೊಂಡರು. ಬಿಕಿನಿಯ ಪಾಠ ವ್ಯರ್ಥವಾಗಲಿಲ್ಲವೆನ್ನಬೇಕು. 1995ರಿಂದ 2000ದವರೆಗೆ 10 ಕೋಟಿ 80 ಲಕ್ಷ ಆಸ್ಟ್ರೇಲಿಯನ್ ಡಾಲರುಗಳ ವೆಚ್ಚದಲ್ಲಿ, 2 ಚದರ ಕಿಲೋಮೀಟರಿಗೂ ಹೆಚ್ಚು ನೆಲದ ಮೇಲ್ಮಣ್ಣನ್ನು ಕೆತ್ತಿ ಆಳವಾದ ಕಂದಕಗಳಲ್ಲಿ ಹೂಳಿದರು. ಇನ್ನೂ ವಿಶಾಲವಾದ ಸುಮಾರು 400 ಚದರ ಕಿಲೋಮೀಟರ್ ಪ್ರದೇಶವನ್ನು ಕೆತ್ತದೆ, ಗಡಿಗಂಬಗಳನ್ನು ನೆಟ್ಟು, ಬೇಟೆಯಾಡಬಹುದು, ಹಾದುಹೋಗಬಹುದು, ಬಿಡಾರ ಹೂಡಬಾರದು ಎಂದು ಗೊತ್ತುಮಾಡಿದರು. ಅಷ್ಟನ್ನೂ ಕೆತ್ತಿದ್ದರೆ ವೆಚ್ಚ ಹಲವು ಪಟ್ಟಾಗುತ್ತಿದ್ದುದಲ್ಲದೆ, ಬರದ ನಾಡಿನ ಕುರುಚಲು ಗಿಡಗಳೆಲ್ಲ ನಾಶವಾಗಿ ಧೂಳು ಇನ್ನಷ್ಟು ಏಳುತ್ತಿದ್ದಿತು.

ಆಕ್ಷೇಪಣೆಗಳೂ ಇಲ್ಲದಿಲ್ಲ. ಹಳೆಯ ಗುಂಡಿಗಳಲ್ಲಿನ ವಿಷವನ್ನು ವಿದ್ಯುತ್ತಿನ ಕಾವಿನಿಂದ ಕರಗಿಸಿ ಗಾಜಿನಂತೆ ಗಟ್ಟಿಗೊಳಿಸುವ ಕ್ರಮವನ್ನು ಆರಂಭಿಸಿ, 1999ರಲ್ಲಿ ಒಂದು ಗುಂಡಿ ಸಿಡಿದ ಮೇಲೆ ಆ ಕ್ರಮವನ್ನು ಕೈಬಿಟ್ಟು, ಉಳಿದುದನ್ನು ಹೂಳಿಬಿಟ್ಟರು. ಆ ಕೆಲಸದಲ್ಲಿದ್ದ ಎಂಜಿನಿಯರ್ ಅಲನ್ ಪಾರ್ಕಿನ್‌ಸನ್ ಅವರು ಇದು ಹಣ ಉಳಿಸಲು ಹಿಡಿದ ಅಡ್ಡದಾರಿಯೆಂದು 2007ರಲ್ಲಿ ಗ್ರಂಥವನ್ನೇ ಬರೆದರು. ಸರಕಾರವು ಇದೇ ಸುರಕ್ಷಿತ ಮಾರ್ಗವೆಂದು ಸಾಧಿಸಿತು. ನೆಲವು 2009 ಮತ್ತು 2014ರಲ್ಲಿ ಮೂಲನಿವಾಸಿಗಳ ಕೈಸೇರಿತು.

ಬೇಲಿ ಮತ್ತು ಹಸಿವು

ಇನ್ನು ಮೂರನೆಯ ನೆಲವನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇನೆ. ಇಂದಿನ ಕಜಾಕಸ್ತಾನದ ಸೆಮಿಪಲಾಟಿನ್ಸ್ಕ್ ಬಯಲಿನಲ್ಲಿ ಸೋವಿಯತ್ ಸರಕಾರ 1949ರಿಂದ 1989ರವರೆಗೆ 456 ಪರೀಕ್ಷೆಗಳನ್ನು ನಡೆಸಿತು. 1991ರಲ್ಲಿ ಆ ಕ್ಷೇತ್ರವನ್ನು ಮುಚ್ಚಿದರು. ಸೋವಿಯತ್ ರಾಜ್ಯವೂ ಅದೇ ವರ್ಷ ಒಡೆಯಿತು. ಕೆಲಸ ಕಳೆದುಕೊಂಡ ಜನರು ತಾಮ್ರದ ತಂತಿಗಾಗಿ, ಹಳಿಗಳ ಕಬ್ಬಿಣಕ್ಕಾಗಿ ಡೆಗೆಲೆನ್ ಬೆಟ್ಟದ ಸುರಂಗಗಳನ್ನು ಅಗೆಯತೊಡಗಿದರು. ಆ ಸುರಂಗಗಳಲ್ಲಿ ಬಾಂಬು ಮಾಡಲು ಬರುವಂತಹ ಪ್ಲುಟೋನಿಯಂ ಉಳಿದಿದ್ದಿತು. ಕಜಾಕಸ್ತಾನ, ರಷ್ಯ, ಅಮೆರಿಕ ಮೂರೂ ಸೇರಿ, ಸುಮಾರು 15 ಕೋಟಿ ಡಾಲರುಗಳ ವೆಚ್ಚದಲ್ಲಿ ಸುರಂಗಗಳಿಗೆ ಕಾಂಕ್ರೀಟು ತುಂಬಿ ಮುಗಿಸಿದ್ದು 2012ರಲ್ಲಿ. ಹಸಿದವನಿಗೆ ಎಚ್ಚರಿಕೆಯ ಫಲಕ ಬೇಲಿಯಾಗುವುದಿಲ್ಲ. ಆದುದರಿಂದ ಸುತ್ತಣ ಜನರ ಹೊಟ್ಟೆಪಾಡೂ ಸುರಕ್ಷತೆಯ ಲೆಕ್ಕದಲ್ಲಿ ಸೇರಬೇಕಾದ ಬಾಬ್ತು.

ತಕ್ಕಡಿ ಯಾರ ಕೈಯಲ್ಲಿ

ಈಗ ಅಳತೆಗಳನ್ನು ಒಟ್ಟಿಗೆ ಇರಿಸಿ ನೋಡೋಣ. ಮಾರ್ಷಲ್ ದ್ವೀಪಗಳ ಪರಿಹಾರ ನ್ಯಾಯಮಂಡಳಿಯು ಅಮೆರಿಕದ ಪ್ರಜೆಗೆ ಯಾವ ಅಳತೆಯೋ ದ್ವೀಪವಾಸಿಗೂ ಅದೇ ಸಲ್ಲಬೇಕೆಂದು, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮಿತಿಯಾದ ವರ್ಷಕ್ಕೆ 0.15 ಮಿಲಿಸೀವರ್ಟನ್ನು ಒಪ್ಪಿತು. ಮರಳಿಂಗದ ಅಳತೆ 5. ಶುದ್ಧಿಯಿಲ್ಲದೆ ಬಿಕಿನಿಯ ಬೆಳೆಯನ್ನು ಉಂಡರೆ 15. ಮೇಲೆ ಹೇಳಿದ ತಕ್ಕಡಿಯಲ್ಲಿಟ್ಟು 70 ವರ್ಷ ಬಾಳುವ ಹತ್ತು ಸಾವಿರ ಜನರ ಲೆಕ್ಕವನ್ನು ನಾನೇ ಹಾಕಿ ನೋಡಿದೆ. ಮೊದಲನೆಯದರಲ್ಲಿ ಸುಮಾರು 5 ಸಾವು. ಎರಡನೆಯದರಲ್ಲಿ, ಎಲ್ಲರಿಗೂ ಮಿತಿಯಷ್ಟೂ ತಾಗಿದರೆ, ಸುಮಾರು 175. ಮೂರನೆಯದರಲ್ಲಿ, ಸೀಸಿಯಂ ಕ್ಷಯಿಸುವುದನ್ನು ಕಳೆದರೂ, ಸುಮಾರು 250. 175ರಿಂದ 5ಕ್ಕೆ ಇಳಿಸಲು ಎಷ್ಟು ಹಣ ಸುರಿಯಬೇಕು, ಎಷ್ಟು ಮರ ಕಡಿಯಬೇಕು, ಎಷ್ಟು ಕೂಲಿಗಳ ಉಸಿರನ್ನು ಒಡ್ಡಬೇಕು ಎಂಬುದನ್ನು ಯಾವ ಸೂತ್ರವೂ ತಾನಾಗಿ ಹೇಳಲಾರದು. ವಿಜ್ಞಾನವು ತೂಕವನ್ನು ಹೇಳೀತು. ಯಾವ ತೂಕಕ್ಕೆ ಒಪ್ಪಬೇಕೆಂಬುದು ನ್ಯಾಯದ ಮಾತು.

ನ್ಯಾಯವನ್ನು ಹೇಳುವವರು ಯಾರು? ಬಾಂಬು ಸಿಡಿಸಿದವರೇ ತಕ್ಕಡಿ ಹಿಡಿದಾಗಲೆಲ್ಲ ತಟ್ಟೆ ಅವರ ಕಡೆಗೇ ವಾಲಿತೆಂಬುದಕ್ಕೆ 1957, 1967, 1968 ಈ ವರ್ಷಗಳೇ ಸಾಕ್ಷಿ. ಇನ್ನು, ನ್ಯಾಯ ಸಿಕ್ಕಿದರೂ ಕೈಗೆ ಬಂದೀತೆಂಬ ಭರವಸೆಯಿಲ್ಲ. 2001ರಲ್ಲಿ ಅದೇ ನ್ಯಾಯಮಂಡಳಿಯು ಬಿಕಿನಿಯವರಿಗೆ 56 ಕೋಟಿ 30 ಲಕ್ಷ ಡಾಲರುಗಳಿಗೂ ಮೇಲ್ಪಟ್ಟ ಪರಿಹಾರವನ್ನು ವಿಧಿಸಿತು. ನೆಲದ ಶುದ್ಧಿಗೆಂದೇ 25 ಕೋಟಿ 15 ಲಕ್ಷ. ಮಂಡಳಿಯ ನಿಧಿಯಲ್ಲಿ ಅಷ್ಟು ಹಣವಿರಲಿಲ್ಲ. ಅತ್ಯಲ್ಪಾಂಶ ಮಾತ್ರ ಸಂದಾಯವಾಯಿತು. 2010ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಅವರ ಅರ್ಜಿಯನ್ನು ವಿಚಾರಣೆಗೆ ಎತ್ತಿಕೊಳ್ಳಲಿಲ್ಲ.

ಆ ಬಾಲಕನಿಗೆ ಮರುವಾರ ನಾನು ಹೇಳಿದ್ದಿಷ್ಟು: "ಮಣ್ಣನ್ನು ಕೆತ್ತಿ ಹಾಕಬಹುದು, ಮಗು. ಆದರೆ ಕೆತ್ತುವ ಮೊದಲು ಮೂರು ಮಾತು ಕೇಳು. ಆ ನೆಲದಲ್ಲಿ ಬಾಳುವವರು ಏನನ್ನುಣ್ಣುತ್ತಾರೆ, ಎಲ್ಲಿ ಮಲಗುತ್ತಾರೆ? ಕೆತ್ತುವವರು ಯಾರು, ಅವರ ಗತಿಯೇನು? ಕೆತ್ತಿದ ಮೇಲೆ ಅಲ್ಲಿ ಬೆಳೆಯುವುದೇನು?" ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರನ್ನೇ ಕೇಳಬೇಕಲ್ಲವೇ, ಗುರುಗಳೇ?" ಎಂದನು. ವರದಿಗಳನ್ನು ಓದಿ ನಾನು ತಲುಪಿದ ತೀರ್ಮಾನವೂ ಅದೇ ಆಗಿದ್ದಿತು.